ಹೊಡೆ ತುಂಬುವ ಹೊತ್ತಿನ ಬರ

2023ರ ಮುಂಗಾರಿನಲ್ಲಿ ಮೃಗಶಿರೆ ಕೈಕೊಟ್ಟು, ಪುನರ್ವಸು ಪುಷ್ಯಗಳಲ್ಲಿ ಮಳೆ ಸುರಿದು, ಆ ಹದಕ್ಕೆ ಅವಸರದಿಂದ ಬಿತ್ತಿದ ಪೈರು ಮೊಣಕಾಲುದ್ದ ಏಳುವಷ್ಟರಲ್ಲಿ ಆಶ್ಲೇಷೆಯೂ ಮಘೆಯೂ ಬರಿಯ ಗಾಳಿ ಬೀಸಿ ಕಳೆದುಹೋದವು. 1901ರಿಂದ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ಭಾರತವು ಅಷ್ಟು ಒಣಗಿದ ಆಗಸ್ಟ್ ತಿಂಗಳನ್ನು ಕಂಡುದಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಆ ವರ್ಷ ಬರಪೀಡಿತವೆಂದು ಘೋಷಿತವಾದವು. ಆದರೆ ಸೆಪ್ಟೆಂಬರಿನಲ್ಲಿ ಅಲ್ಲಲ್ಲಿ ಬಿದ್ದ ಹನಿಗೆ ಪೈರು ಮತ್ತೆ ತಲೆಯೆತ್ತಿದ್ದರಿಂದ, ಉಪಗ್ರಹದ ಕಣ್ಣಿಗೂ ರಸ್ತೆಯ ಮೇಲೆ ಮೋಟಾರಿನಲ್ಲಿ ಹಾದುಹೋಗುವವರ ಕಣ್ಣಿಗೂ ಹೊಲಗಳು ಹಸಿರಾಗಿಯೇ ತೋರಿದವು. ಇದು ‘ಹಸಿರು ಬರ’, ಎಲೆಯುಂಟು ಕಾಳಿಲ್ಲ, ಎಂದು ರಾಜ್ಯ ಸರ್ಕಾರವು ಕೇಂದ್ರದ ತಂಡಕ್ಕೆ ಬಿಡಿಸಿ ಹೇಳಬೇಕಾಯಿತು. ಪರಿಹಾರದ ವಾದಕ್ಕಾಗಿ ಹೊಸೆದ ಮಾತೆಂದು ಕೆಲವರಿಗೆ ಅದು ಕೇಳಿಸಿರಬಹುದು. ನನಗಾದರೋ, ಸಸ್ಯಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವ, ನಮ್ಮ ಆಡಳಿತವು ಇನ್ನೂ ಪೂರ್ತಿಯಾಗಿ ಕಿವಿಗೊಡದ ಒಂದು ಸಂಗತಿ ಅದರೊಳಗೆ ಅಡಗಿದೆಯೆಂದು ತೋರುತ್ತದೆ. ಒಂದೇ ಪ್ರಮಾಣದ ಕೊರತೆಯು ಪೈರಿನ ಯಾವ ವಯಸ್ಸಿನಲ್ಲಿ ಬಂದು ಎರಗಿತೆಂಬುದರ ಮೇಲೆ ಅದು ಸಣ್ಣ ಜ್ವರವೋ ಮರಣವೋ ಎಂಬುದು ನಿಶ್ಚಯವಾಗುತ್ತದೆ.

ಮೆಕ್ಕೆಜೋಳದ ಎಳೆಯ ತೆನೆಯೊಂದನ್ನು ಕೈಗೆತ್ತಿಕೊಂಡು ಸಿಪ್ಪೆ ಸುಲಿದು ನೋಡಿದರೆ ಇದು ಮನವರಿಕೆಯಾದೀತು. ತುದಿಯಿಂದ ಇಳಿಬಿದ್ದ ಕೂದಲಿನಂಥ ಎಳೆಗಳಲ್ಲಿ ಒಂದೊಂದು ಎಳೆಯೂ ದಿಂಡಿನ ಮೇಲಿನ ಒಂದೊಂದು ಕಾಳಿನ ಗೂಡಿಗೆ ಹೋಗಿ ಮುಟ್ಟುತ್ತದೆ. ನೆತ್ತಿಯ ಸೂಲಂಗಿಯಿಂದ ಉದುರಿದ ಪರಾಗವು ಆ ಎಳೆಯ ದಾರಿ ಹಿಡಿದಲ್ಲದೆ ಆ ಗೂಡಿನಲ್ಲಿ ಕಾಳು ಕಟ್ಟದು. ನೆಲ ಒಣಗಿದಾಗ ಸೂಲಂಗಿಯು ತನ್ನ ವೇಳೆಗೆ ಹೆಚ್ಚುಕಡಮೆ ಸರಿಯಾಗಿಯೇ ಪರಾಗವನ್ನು ಚೆಲ್ಲಿಬಿಡುತ್ತದೆ. ಜೀವಕೋಶದೊಳಗಣ ನೀರಿನ ಒತ್ತಡದಿಂದಲೇ ಉದ್ದವಾಗಬೇಕಾದ ಎಳೆಗಳು ಮಾತ್ರ ಹಿಂದೆ ಬಿದ್ದು, ನಾಲ್ಕಾರು ದಿನ ತಡವಾಗಿ ಹೊರಬಂದು, ಉದುರಿ ಮುಗಿದುಹೋದ ಪರಾಗಕ್ಕಾಗಿ ಕಾದು ಬಾಡುತ್ತವೆ. ಬುಡದ ಎಳೆಗಳು ಮೊದಲು ಹೊರಟು ತುದಿಯವು ಕಡೆಗೆ ಹೊರಡುವುದರಿಂದ, ಅಂಥ ವರ್ಷದಲ್ಲಿ ತೆನೆಯ ತುದಿ ಬೋಳಾಗಿ ಉಳಿಯುವುದು ದಾವಣಗೆರೆ ಹಾವೇರಿಗಳ ರೈತನಿಗೆ ಹೊಸ ನೋಟವೇನಲ್ಲ. ಆ ವಾರ ಕಳೆದ ಮೇಲೆ ಬದು ಒಡೆದು ಹರಿಯುವಷ್ಟು ಮಳೆ ಬಂದರೂ ಎಲೆ ಹಸಿರಾದೀತೇ ಹೊರತು ದಿಂಡು ತುಂಬಲಾರದು. ಇದೇ ಪೈರು ಮೊಳೆತ ಮೂರನೆಯ ವಾರದಲ್ಲಿ ಅಷ್ಟೇ ದಿನ ಬಾಯಾರಿದ್ದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಿತ್ತು. ನೀರೊಂದೇ ಇಲ್ಲಿ ಕಾರಣವೆಂದೂ ತಿಳಿಯಬಾರದು: ಬತ್ತದ ಹೂವು ಅರಳಿ ಮುಚ್ಚುವುದು ಸುಮಾರು ಒಂದು ಗಂಟೆಯ ಕೆಲಸ, ಆ ಗಂಟೆಯಲ್ಲಿ ಉಷ್ಣತೆಯು 35 ಡಿಗ್ರಿಯನ್ನು ಮೀರಿದರೆ, ಗದ್ದೆಯಲ್ಲಿ ನೀರು ನಿಂತಿದ್ದರೂ ಜೊಳ್ಳು ಹೆಚ್ಚುತ್ತದೆ.

ಆದರೆ ಈ ಕಾಲದ ಲೆಕ್ಕವನ್ನು ಕಲಿಯುವುದಕ್ಕೆ ವಿಜಯಪುರದ ಎರೆಹೊಲಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮಲ್ಲಿ ಮತ್ತೊಂದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಆ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳವನ್ನು ಉತ್ತರಿ, ಹಸ್ತ ಮಳೆಗಳ ಹದಕ್ಕೆ ಬಿತ್ತುತ್ತಾರೆ. ಆ ಬಳಿಕ ಒಂದೆರಡು ಮಳೆ ಬಂದರೆ ಪುಣ್ಯ, ಮುಂದೆ ರಾಶಿಯವರೆಗೆ ಆಕಾಶವನ್ನು ನಂಬುವಂತಿಲ್ಲ. ನೆಲದೊಳಗಣ ಹಗೇವಿನಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆದುಂಡ ಆ ಜನ ನೀರಿಗೂ ಹೊಲವನ್ನೇ ಹಗೇವು ಮಾಡಿಕೊಂಡರೆನ್ನಬೇಕು. ಒಂದು ಮೀಟರ್ ಆಳದ ಎರೆಮಣ್ಣು ಬೇರಿಗೆ ಒದಗುವಂಥ ನೀರನ್ನು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಡಬಲ್ಲದು. ಎಕರೆಯ ಲೆಕ್ಕಕ್ಕೆ ತಂದರೆ ಆರರಿಂದ ಎಂಟು ಲಕ್ಷ ಲೀಟರ್. ಮುಂಗಾರಿನ ನೀರು ಹರಿದುಹೋಗದಂತೆ ಹೊಲದಲ್ಲಿ ಚೌಕುಮಡಿ ಕಟ್ಟುವುದು ಈ ಹಗೇವನ್ನು ತುಂಬುವುದಕ್ಕಾಗಿ. ಬಿತ್ತಿದ ಮೇಲೆ ಎರಡು ಮೂರು ಸಲ ಎಡೆ ಹೊಡೆದು, ಬಿರಿಯತೊಡಗಿದ ನೆಲದ ಬಾಯಿಯನ್ನು ಮಣ್ಣಿನ ಪುಡಿಯಿಂದ ಮುಚ್ಚುವುದು ಅದು ಸೋರದಿರಲೆಂದು. ಕಳೆ ತೆಗೆಯುವ ಕೆಲಸವೆಂದು ಅದನ್ನು ಪುಸ್ತಕಗಳಲ್ಲಿ ಬರೆದಿರುವುದು ಅರ್ಧ ಮಾತು.

ಇನ್ನು ಈ ದಾಸ್ತಾನನ್ನು ಖರ್ಚು ಮಾಡುವ ಬಗೆ. ಪೈರು ಸುಮಾರು 30ನೆಯ ದಿನಕ್ಕೆ ತನ್ನ ಗರ್ಭದೊಳಗೆ ತೆನೆಯ ರೂಪವನ್ನು ತಳೆಯತೊಡಗಿ, 50–55ಕ್ಕೆ ಹೊಡೆ ತುಂಬಿ, 70ರ ಸುಮಾರಿಗೆ ಹೂವಾಡಿ, ಆ ಮೇಲೆ ಇನ್ನೂ ಒಂದೂವರೆ ತಿಂಗಳು ಕಾಳಿಗೆ ಹಾಲು ತುಂಬಬೇಕು. ಒತ್ತಾಗಿ ಬಿತ್ತಿ, ರಸಗೊಬ್ಬರವನ್ನು ಧಾರಾಳವಾಗಿ ಸುರಿದವನ ಹೊಲವು ಮೊದಲ ತಿಂಗಳಲ್ಲಿ ನೆರೆಯವನ ಹೊಲವನ್ನು ನಾಚಿಸುವಂತೆ ದಟ್ಟವಾಗಿ ಬೆಳೆಯುತ್ತದೆ; ಆ ಎಲೆಗಳೆಲ್ಲ ಸೇರಿ ಹಗೇವನ್ನು ಬರಿದು ಮಾಡಿದ ಹೊತ್ತಿಗೆ ಹೂವಿನ ಕಾಲ ಬಂದಿರುತ್ತದೆ. ಆಗ ಬೇರಿನಿಂದ ಏನೂ ಬಾರದಿರಲು ಪೈರು ತನ್ನ ದಂಟಿನೊಳಗಿನ ಸಿಹಿಯನ್ನೇ ಸೆಳೆದು ಕಾಳಿಗೆ ಉಣಿಸಲೆಳಸುತ್ತದೆ. ಹಾಗೆ ಸೊರಗಿದ ದಂಟನ್ನು ಮಣ್ಣಿನಲ್ಲಿ ಹೊಂಚಿರುವ ಶಿಲೀಂಧ್ರವೊಂದು ಹೊಕ್ಕು, ಬುಡವನ್ನು ಸೀಳಿದರೆ ಇದ್ದಿಲ ಪುಡಿ ತುಂಬಿದಂತೆ ಕಾಣುವವರೆಗೆ ತಿಂದು ಹಾಕುತ್ತದೆ. ಗಾಳಿ ಬೀಸಿದ ಒಂದು ರಾತ್ರಿಯಲ್ಲಿ ಹೊಲವೆಲ್ಲ ನೆಲಕ್ಕೆ ಒರಗುತ್ತದೆ. ರೋಗವೆಂದು ಅದನ್ನು ಕರೆಯುವುದು ಸರಿಯೇ. ಆದರೆ ಔಷಧಿಯ ಅಂಗಡಿಗೆ ಓಡುವವನು ತನ್ನ ಬಿತ್ತನೆಯ ಸಾಲುಗಳ ಅಂತರವನ್ನೂ ಒಮ್ಮೆ ಅಳೆಯುವುದು ಲೇಸು. ಇದಕ್ಕೆ ಪ್ರತಿಯಾಗಿ, ಮೊದಲ ವಾರಗಳಲ್ಲಿ ಮೇಲ್ಮಣ್ಣು ತುಸು ಒಣಗಿದರೆ ಬೇರು ಆಳಕ್ಕಿಳಿಯುತ್ತದೆಯಾದುದರಿಂದ, ಬಾಧೆಯೆಲ್ಲವೂ ಹಾನಿಯೆಂದೂ ಹೇಳಬರುವಂತಿಲ್ಲ.

ಸೊಲ್ಲಾಪುರ ಸೀಮೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆಯ್ದು ತೆಗೆದ ಮಾಲದಂಡಿ ಜೋಳವು, ಎಂ 35-1 ಎಂಬ ಸರ್ಕಾರಿ ಹೆಸರಿನೊಡನೆ, ಇಂದಿಗೂ ಎರೆಸೀಮೆಯಲ್ಲಿ ನೆಲೆ ಬಿಡದಿರುವುದನ್ನು ಈ ದೃಷ್ಟಿಯಿಂದಲೇ ನೋಡಬೇಕು. 1964ರಲ್ಲಿ ಸಿಎಸ್‌ಎಚ್-1 ಬಂದಂದಿನಿಂದ ಮುಂಗಾರಿ ಜೋಳದ ಹೊಲಗಳನ್ನು ಹೈಬ್ರಿಡ್ ತಳಿಗಳು ಗೆದ್ದುಕೊಂಡವು. ಹಿಂಗಾರಿಯಲ್ಲಿ ಅವಕ್ಕೆ ಆ ಭಾಗ್ಯ ಲಭಿಸಲಿಲ್ಲ. ರೊಟ್ಟಿಯ ರುಚಿ, ಎತ್ತಿಗೆ ಬೇಕಾದ ಕಣಿಕೆ ಇವೂ ಕಾರಣಗಳೆಂಬುದು ನಿಜ. ಆದರೂ ನೀರುಂಡ ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಮೊದಲನೆಯದಾಗಿ ನಿಂತ ತಳಿಯು ಬರಗಾಲದ ಹೊಲದಲ್ಲಿ ಕೊನೆಯದಾಗಬಹುದೆಂಬುದನ್ನು, ಎಕರೆಗೆ ಇಷ್ಟು ಕ್ವಿಂಟಲ್ ಎಂದು ಸಾರುವ ಬೀಜದ ಚೀಲದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. ಅದೇ 1930ರ ದಶಕದಲ್ಲಿ ಒಣಬೇಸಾಯದ ಶೋಧನೆಗೆಂದು ದೇಶದಲ್ಲಿ ತೆರೆದ ಐದು ಕೇಂದ್ರಗಳಲ್ಲಿ ಮೂರು, ಬಿಜಾಪುರ, ರಾಯಚೂರು, ಹಗರಿ, ಇಂದಿನ ಕರ್ನಾಟಕದಲ್ಲಿಯೇ ಇದ್ದವೆಂಬುದನ್ನು ನೆನೆದರೆ, ಈ ವಿವೇಕ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ಒಂದೇ ತಳಿಗೆ ನಿಲ್ಲದೆ, ಬೇರೆ ಬೇರೆ ಬಿತ್ತನೆಯ ಕಾಲಕ್ಕೆ ಹೊಂದುವ ಬೇರೆ ಬೇರೆ ಅವಧಿಯ ತಳಿಗಳನ್ನು ತೆಗೆದದ್ದು ಇದನ್ನು ಬಲ್ಲವರಾದುದರಿಂದಲೇ.

ಆಡಳಿತದ ಲೆಕ್ಕಕ್ಕೆ ಬರೋಣ. 2016ರ ಬರ ನಿರ್ವಹಣಾ ಕೈಪಿಡಿಯು ಮೊದಲ ಬಾಗಿಲಲ್ಲಿ ಕೇಳುವುದು, ಮಳೆ ವಾಡಿಕೆಗಿಂತ ಎಷ್ಟು ಕಡಮೆ, ಮೂರು ನಾಲ್ಕು ವಾರ ಸತತವಾಗಿ ಒಣಗಿತೇ ಎಂಬುದನ್ನು. ಮಣ್ಣಿನ ತೇವ, ಉಪಗ್ರಹ ತೋರಿಸುವ ಹಸಿರು ಇವೆಲ್ಲ ಒಳಬಾಗಿಲಿನ ಪ್ರಶ್ನೆಗಳು. ಒಣಗಿದ ಆ ಮೂರು ವಾರಗಳಲ್ಲಿ ಪೈರಿಗೆ ಎಷ್ಟು ವಯಸ್ಸಾಗಿತ್ತೆಂಬುದು ಆ ಮೊದಲ ಬಾಗಿಲಲ್ಲಿ ಕೇಳಿಬರುವುದಿಲ್ಲ. ಬೆಳೆ ವಿಮೆಯಲ್ಲಿ ಹಂಗಾಮಿನ ನಡುವೆಯೇ ಸಂಭವನೀಯ ಪರಿಹಾರದ ಶೇ. 25ರವರೆಗೆ ಕೊಡುವ ಅವಕಾಶವುಂಟು. ಅದಕ್ಕೆ, ಬರಬಹುದಾದ ಇಳುವರಿಯು ನಿಗದಿಯಾದುದರ ಅರ್ಧಕ್ಕಿಂತ ಕೆಳಗಿಳಿದೀತೆಂದು ಯಾರಾದರೂ ಊಹಿಸಿ ಬರೆಯಬೇಕು. ಹಸಿರನ್ನು ನೋಡಿ ಊಹಿಸುವವನು ಏನು ಬರೆದಾನೆಂಬುದನ್ನು ಹೇಳಬೇಕಾಗಿಲ್ಲ.

ಬೇಕಾದ ಸಾಮಗ್ರಿ ನಮ್ಮ ಕೈಯಲ್ಲಿಯೇ ಇದೆ. ಗ್ರಾಮಪಂಚಾಯತಿಗಳಲ್ಲಿ ತಾನಾಗಿ ಲೆಕ್ಕ ಕಳುಹುವ ಮಳೆಮಾಪಕಗಳಿವೆ; ಸರ್ವೆ ನಂಬರಿನ ಪ್ರಕಾರ ಯಾವ ಬೆಳೆ ಎಲ್ಲಿದೆಯೆಂಬ ಸಮೀಕ್ಷೆ ನಡೆಯುತ್ತಿದೆ. ಇವೆರಡಕ್ಕೂ ಬಿತ್ತನೆಯ ದಿನಾಂಕವನ್ನು ಜೋಡಿಸಿ ಓದಿದರೆ, ಒಣಗಿದ ವಾರವು ಹೊಡೆಯ ಮೇಲೆ ಬಿತ್ತೋ ಎಲೆಯ ಮೇಲೆ ಬಿತ್ತೋ ಎಂಬುದು ಕಚೇರಿಯಲ್ಲಿ ಕುಳಿತವರಿಗೂ ತಿಳಿದೀತು. ರೈತ ಸುಳ್ಳು ದಿನಾಂಕ ಹೇಳಿದರೆ ಗತಿಯೇನೆಂದು ಕೇಳುವವರುಂಟು. ಮಳೆಯಾಶ್ರಯದ ಹೊಲಗಳಲ್ಲಿ ಒಂದು ಊರು ಒಂದು ಹದಕ್ಕೆ ಬಿತ್ತುತ್ತದೆ. ಆ ಹದ ಬಂದುದು ಎಂದೆಂಬುದನ್ನು ಮಳೆಮಾಪಕವೇ ಸಾಕ್ಷಿ ನುಡಿಯುತ್ತದೆಯಾಗಿ, ಹತ್ತು ಹನ್ನೆರಡು ದಿನಗಳಿಗಿಂತ ಹೆಚ್ಚು ಸುಳ್ಳಿಗೆ ಅಲ್ಲಿ ಎಡೆಯಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ವಿಜಯಪುರ ಸೀಮೆಯಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಉಂಡು ಎದ್ದ ಮೇಲೆ ಹಿರಿಯನೊಬ್ಬ ಸಾಲಿನೊಳಗೆ ನಡೆದು, ತೆನೆಯೊಂದನ್ನು ಬಗ್ಗಿಸಿ, ಕಾಳನ್ನು ಉಗುರಿನಿಂದ ಹಿಸುಕಿ, ಹಾಲು ಬಂದಿತೋ ನೀರು ಬಂದಿತೋ ನೋಡಿ, ಈ ಸಲ ಎಷ್ಟು ಚೀಲವೆಂಬುದನ್ನು ಅಲ್ಲಿಯೇ ಹೇಳಿಬಿಡುತ್ತಾನೆ. ಕಟಾವಿನ ಪ್ರಯೋಗಕ್ಕೆ ಬರುವ ನೌಕರನು ಹಗ್ಗ ಹಿಡಿದು ಹೊಲಕ್ಕಿಳಿಯುವುದು ಅದಾದ ಮೇಲೆ ಇನ್ನೂ ಎಷ್ಟೋ ವಾರಗಳಿಗೆ.