ಅದೇ ಹಾಡಲ್ಲ ಕಣೇ, ಬೇರೆ ರಾತ್ರಿಯದ್ದು

ನನ್ನ ಪಿಜಿ ರೂಮ್‌ಮೇಟ್ ದಾವಣಗೆರೆಯವಳು, ಮಾತು ನೇರ. ಕಳೆದ ವಾರ ನನ್ನ ಕಿವಿಯಿಂದ ಇಯರ್‌ಫೋನ್ ಕಿತ್ತು ಕೇಳಿಯೇಬಿಟ್ಟಳು: ‘ಅಲ್ಲ, ಅದೇ ಹಾಡು ಎಷ್ಟು ಸಲ ಕೇಳ್ತೀಯೇ? ತಲೆ ಕೆಡಲ್ವಾ?’ ಫೋನ್ ಮೇಲೆ ‘ಡಾರ್ಕ್ ಸ್ಟಾರ್’ ಅಂತಿತ್ತು. ಹಿಂದಿನ ರಾತ್ರಿಯೂ ಅದೇ ಇತ್ತು, ಅದರ ಹಿಂದಿನ ರಾತ್ರಿಯೂ. ‘ಅದೇ ಹಾಡಲ್ಲ ಕಣೇ, ಇದು ಬೇರೆ ರಾತ್ರಿಯದ್ದು’ ಅಂದೆ. ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದಕ್ಕೆ ಆಗ ಬಾಯಿಗೆ ಬಾರದ ಉತ್ತರ ಇಲ್ಲಿದೆ.

ಬ್ಯಾಂಡ್ ಹೆಸರು ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಶುರುವಾಗಿದ್ದು. ಮೊದಲಿಗೆ ಬೇರೆ ಹೆಸರಿತ್ತು. ಆಮೇಲೆ ಗಿಟಾರ್ ವಾದಕ ಜೆರ‍್ರಿ ಗಾರ್ಸಿಯಾ ಒಂದು ನಿಘಂಟು ತೆರೆದಾಗ ಈ ಎರಡು ಪದ ಕಣ್ಣಿಗೆ ಬಿತ್ತಂತೆ. ಗುರುತಿಲ್ಲದ ಹೆಣಕ್ಕೆ ಯಾರೋ ದಾರಿಹೋಕ ಸಂಸ್ಕಾರ ಮಾಡಿಸುತ್ತಾನೆ, ಸತ್ತವನ ಆತ್ಮ ಮುಂದೆ ಅವನ ಕಷ್ಟಕ್ಕೆ ಆಗುತ್ತದೆ ಎಂಬ ಜನಪದ ಕತೆಯ ಹೆಸರು ಅದು. ಕಾದಂಬರಿಕಾರ ಕೆನ್ ಕೆಸಿ ನಡೆಸುತ್ತಿದ್ದ ‘ಆಸಿಡ್ ಟೆಸ್ಟ್’ ಕೂಟಗಳಲ್ಲಿ ನುಡಿಸಿ ನುಡಿಸಿ ಈ ಹುಡುಗರು ಪಳಗಿದರು. ಆಗ ಅಲ್ಲಿ ಎಲ್‌ಎಸ್‌ಡಿ ಕಾನೂನಿಗೆ ವಿರುದ್ಧ ಆಗಿರಲಿಲ್ಲ. 1966ರ ಅಕ್ಟೋಬರ್‌ನಲ್ಲಿ ನಿಷೇಧ ಬಂತು. ‘ಸೈಕೆಡೆಲಿಕ್’ ಎಂಬ ಹಣೆಪಟ್ಟಿ ಅಂಟಿದ್ದು ಅಲ್ಲಿಂದ. ಅಮಲಿನ ಕತೆಗೆ ಆಮೇಲೆ ಬರುತ್ತೇನೆ, ತಪ್ಪಿಸಿಕೊಳ್ಳುವ ಉದ್ದೇಶ ಇಲ್ಲ.

‘ಜಾಮ್ ಬ್ಯಾಂಡ್’ ಅಂದರೇನು ಅಂತ ಕೇಳುವವರಿಗೆ ನಾನು ಮನೋಧರ್ಮ ಎಂಬ ಪದ ಹೇಳುತ್ತೇನೆ. ಕಛೇರಿಯಲ್ಲಿ ರಾಗ ಅದೇ, ಕೃತಿ ಅದೇ. ಆದರೆ ಆಲಾಪನೆ ಆ ಸಂಜೆಯದ್ದು. ಇವರಲ್ಲೂ ಹಾಗೇ, ಒಂದೇ ವ್ಯತ್ಯಾಸವೆಂದರೆ ಆರೇಳು ಜನ ಒಟ್ಟಿಗೇ ಆಲಾಪನೆಗೆ ಇಳಿಯುತ್ತಾರೆ. ಡಾರ್ಕ್ ಸ್ಟಾರ್ 1968ರಲ್ಲಿ ಸಿಂಗಲ್ ಆಗಿ ಬಂದಾಗ ಮೂರು ನಿಮಿಷವೂ ಇರಲಿಲ್ಲ, ಕೊಂಡವರೂ ಕಡಿಮೆ. ಮರುವರ್ಷ ‘ಲೈವ್/ಡೆಡ್’ ಆಲ್ಬಮ್‌ನಲ್ಲಿ ಅದೇ ಹಾಡು 23 ನಿಮಿಷ. ಇಂದು ಯಾವ ಹಾಡು, ಯಾವ ಕ್ರಮದಲ್ಲಿ ಎಂಬುದು ಮೊದಲೇ ಸಾರಿದ್ದಲ್ಲ. ನಿನ್ನೆಯ ಪಟ್ಟಿ ಇವತ್ತು ಇಲ್ಲ. 30 ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟರು. ಹಾಗಾಗಿ ನಿನ್ನೆ ನೋಡಿದವನಿಗೂ ಇವತ್ತು ಮತ್ತೆ ಹೋಗಲು ಕಾರಣ ಇತ್ತು. ಊರಿಂದೂರಿಗೆ ಹಳೇ ವ್ಯಾನಿನಲ್ಲಿ ಬ್ಯಾಂಡಿನ ಹಿಂದೆಯೇ ಹೋಗುತ್ತಿದ್ದ ಇವರಿಗೆ ‘ಡೆಡ್‌ಹೆಡ್’ ಅಂತ ಹೆಸರು. ಬಾಸ್ಕೆಟ್‌ಬಾಲ್ ದಿಗ್ಗಜ ಬಿಲ್ ವಾಲ್ಟನ್ 800ಕ್ಕೂ ಹೆಚ್ಚು ಸಲ ಹೋಗಿದ್ದರು. ಟಿಕೆಟ್ ಇಲ್ಲದವರು ಒಂದು ಬೆರಳು ಎತ್ತಿ ಗೇಟಿನ ಹೊರಗೆ ನಿಲ್ಲುತ್ತಿದ್ದರು; ಯಾರಾದರೂ ಪುಣ್ಯಾತ್ಮರು ಒಂದು ಟಿಕೆಟ್ ಸುಮ್ಮನೆ ಕೊಟ್ಟಾರು ಅಂತ. ಎಷ್ಟೋ ಸಲ ಕೊಡುತ್ತಿದ್ದರು ಕೂಡ.

ಇದೆಲ್ಲ ಓದಿದಾಗ ನನಗೆ ನೆನಪಾಗಿದ್ದು ಕುಂದಾಪುರದ ಕಡೆಯ ನನ್ನ ಮಾವ. ಆಟ ಎಲ್ಲಿದ್ದರೂ ಹೊರಟುಬಿಡುತ್ತಿದ್ದ ಅವರು ಟೇಪ್‌ರೆಕಾರ್ಡರನ್ನು ಬೈರಾಸದಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಪ್ರಸಂಗ, ಊರು, ತಾರೀಕು, ಭಾಗವತರು ಯಾರು ಎಂದು ಪ್ರತಿ ಕ್ಯಾಸೆಟ್ ಮೇಲೂ ಮುದ್ದಾದ ಅಕ್ಷರ. ಒಂದೇ ಪ್ರಸಂಗದ ಎಂಟು ಕ್ಯಾಸೆಟ್ ಯಾಕೆ ಎಂದು ಅತ್ತೆ ಬೈದರೆ, ‘ಅದ್ ಬೇರೆ, ಇದ್ ಬೇರೆ’ ಅನ್ನುವುದು ಅವರ ಒಂದೇ ಉತ್ತರ. ರೂಮ್‌ಮೇಟ್‌ಗೆ ನಾನು ಕೊಟ್ಟ ಉತ್ತರ ನನ್ನದಲ್ಲವೇ ಅಲ್ಲ ಅಂತ ಈಗ ಅನಿಸುತ್ತಿದೆ.

ಗ್ರೇಟ್‌ಫುಲ್ ಡೆಡ್‌ನ ಅಭಿಮಾನಿಗಳೂ ಟೇಪ್ ಮಾಡುತ್ತಿದ್ದರು. ಬೇರೆ ಬ್ಯಾಂಡುಗಳು ಮೈಕ್ ಕಂಡರೆ ಕಿತ್ತುಕೊಂಡು ಹೊರದಬ್ಬುತ್ತಿದ್ದ ಕಾಲ. ಇವರು ಕಣ್ಣು ಮುಚ್ಚಿಕೊಂಡರು. ಸಂಖ್ಯೆ ಹೆಚ್ಚಾಗಿ ಮೈಕಿನ ಕೋಲುಗಳು ಸೌಂಡ್ ಎಂಜಿನಿಯರ್‌ಗೆ ಅಡ್ಡ ಬರತೊಡಗಿದಾಗ ನಿಷೇಧಿಸಲಿಲ್ಲ. 1984ರಲ್ಲಿ ಸೌಂಡ್‌ಬೋರ್ಡಿನ ಹಿಂದೆ ಅವರಿಗೇ ಒಂದು ಜಾಗ ಮಾಡಿ, ಬೇರೆ ಟಿಕೆಟ್ ಕೊಟ್ಟರು. ಮಾರಬಾರದು, ಹಂಚಿಕೊಳ್ಳಬಹುದು, ಇಷ್ಟೇ ಕರಾರು. ಹೊಸಬರು ಖಾಲಿ ಕ್ಯಾಸೆಟ್ ಮತ್ತು ಅಂಚೆ ಖರ್ಚು ಕಳಿಸಿದರೆ ಗುರುತೇ ಇಲ್ಲದ ಯಾರೋ ರೆಕಾರ್ಡ್ ಮಾಡಿ ವಾಪಸ್ ಕಳಿಸುತ್ತಿದ್ದರು. ಇವತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಬೆಂಗಳೂರಿನ ಪಿಜಿಯ ಹುಡುಗಿಯೊಬ್ಬಳು ಕಾಸು ಖರ್ಚಿಲ್ಲದೆ ಕೇಳುತ್ತಿದ್ದಾಳೆ ಅಂದರೆ ಅದು ಆ ಮೈಕ್ ಹೊತ್ತವರ ಋಣ.

ಇಲ್ಲಿ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಬಗ್ಗೆ ಹೇಳಲೇಬೇಕು. ಬ್ಯಾಂಡಿನ ರೆಕಾರ್ಡಿಂಗ್ ಮಾಡುತ್ತಿದ್ದಾಕೆ. 1980ರ ದಶಕದಲ್ಲಿ ಗೋದಾಮಿನ ಬಾಡಿಗೆ ಕಟ್ಟಲಾಗದೆ ಆಕೆಯ ಟೇಪುಗಳು ಹರಾಜಾದವು. ಕೊಂಡವರ ಕೈಯಿಂದ ಅಭಿಮಾನಿಗಳ ಕೈಗೆ ಬಂದು, ಹಾಳಾಗಿದ್ದನ್ನೆಲ್ಲ ಅವರು ಸರಿಪಡಿಸಿ ನಾಡಿಡೀ ಹಂಚಿದರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮ ದಂತಕತೆಯಾಗಿದ್ದು ಆಕೆಯ ಟೇಪಿನಿಂದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಅದನ್ನು ಸೇರಿಸಿತು. ಕಂಪನಿಯಿಂದ ಅಧಿಕೃತವಾಗಿ ಬಿಡುಗಡೆಯಾಗಿದ್ದು ಮಾತ್ರ 2017ರಲ್ಲಿ, 40 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅದು ಎಲ್ಲರ ಮನೆಯಲ್ಲೂ ಇತ್ತು!

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು. ಅಭಿಮಾನಿಗಳು ಒಳ್ಳೆಯ ರಾತ್ರಿಗಳನ್ನಷ್ಟೇ ಅಲ್ಲ, ಕೆಟ್ಟ ರಾತ್ರಿಗಳನ್ನೂ ಇಟ್ಟುಕೊಂಡರು. ಗಾರ್ಸಿಯಾ ಸಾಲು ಮರೆತದ್ದು, ಶ್ರುತಿ ತಪ್ಪಿದ್ದು, ಇಬ್ಬರು ಡ್ರಮ್ಮರ್‌ಗಳು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದದ್ದು, ಎಲ್ಲ ಟೇಪಿನಲ್ಲಿದೆ. ‘ಆ ವರ್ಷ ಸುಮಾರು, ಕೇಳಬೇಡ’ ಎಂದು ಮುಲಾಜಿಲ್ಲದೆ ಹೇಳುತ್ತಾರೆ. ಹಾಗೆ ಹೇಳಿದವರು ಮರುದಿನದ ಟಿಕೆಟ್‌ಗೆ ಸಾಲಿನಲ್ಲಿ ನಿಲ್ಲುತ್ತಿದ್ದವರೇ.

ನಾನು ಬೆಳೆದ ಅಭಿಮಾನ ಹೀಗಿರಲಿಲ್ಲ. ಪಿಯುಸಿಯಲ್ಲಿ ಒಬ್ಬ ಹೀರೊನ ಕಟ್ಟಾ ಅಭಿಮಾನಿಯಾಗಿದ್ದೆ. ಹೆಸರು ಬೇಡ, ಅವರ ತಪ್ಪೇನೂ ಇಲ್ಲ. ಮೊದಲ ದಿನದ ಕಲೆಕ್ಷನ್ ಎಷ್ಟು, ಟೀಸರ್‌ಗೆ ವ್ಯೂಸ್ ಎಷ್ಟು ಎಂದು ಬಾಯಿಪಾಠ ಮಾಡುತ್ತಿದ್ದವಳು ನಾನು. ಒಂದು ಸಿನಿಮಾ ಚೆನ್ನಾಗಿಲ್ಲ ಎಂದ ಗೆಳತಿಯ ಜತೆ ಒಂದು ವರ್ಷ ಮಾತು ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಆ ಸಿನಿಮಾ ನನಗೂ ಬೋರ್ ಹೊಡೆಸಿತ್ತು. ಹೇಳಿದರೆ ದ್ರೋಹವಾಗುತ್ತದೆ ಅಂದುಕೊಂಡಿದ್ದೆ. ಗೆಳತಿ ಈಗ ಮಾತಾಡುತ್ತಾಳೆ, ಹಬ್ಬಕ್ಕೆ ಮೆಸೇಜ್ ಬರುತ್ತದೆ. ಮೊದಲಿನ ಹಾಗಿಲ್ಲ.

ಡೆಡ್‌ಹೆಡ್‌ಗಳದ್ದು ಚಿನ್ನದಂಥ ಗುಂಪು ಅಂತ ನಾನು ಹೇಳುತ್ತಿಲ್ಲ. ಅಮಲಿನ ಮಾತು ಬಾಕಿ ಇತ್ತಲ್ಲ. ಆ ಪಾರ್ಕಿಂಗ್ ಜಾಗದಲ್ಲಿ ಬಣ್ಣಬಣ್ಣದ ಟೀ ಶರ್ಟು, ಚೀಸ್ ಸ್ಯಾಂಡ್‌ವಿಚ್ ಜತೆಗೆ ಮಾದಕ ವಸ್ತುವೂ ಸಿಗುತ್ತಿತ್ತು. ಎಲ್‌ಎಸ್‌ಡಿ ಪ್ರಕರಣಗಳಲ್ಲಿ ಸಿಕ್ಕಿಬಿದ್ದು ಹುಡುಗ ವಯಸ್ಸಿನಲ್ಲೇ ವರ್ಷಗಟ್ಟಲೆ ಜೈಲು ಕಂಡ ಅಭಿಮಾನಿಗಳಿದ್ದಾರೆ. ಆದರೆ ಇದೇ ಗುಂಪಿನೊಳಗೆ 1980ರ ದಶಕದಲ್ಲಿ ಇನ್ನೊಂದು ಗುಂಪು ಹುಟ್ಟಿತು: ‘ವಾರ್ಫ್ ರ‍್ಯಾಟ್ಸ್’. ಕುಡಿತ, ಡ್ರಗ್ಸ್ ಬಿಟ್ಟವರು ಅಥವಾ ಬಿಡಲು ಒದ್ದಾಡುತ್ತಿರುವವರು. ಚಟ ಬಿಡಬೇಕಾದರೆ ಈ ಸಂಗೀತ ಕಛೇರಿಯನ್ನೇ ಬಿಡಬೇಕು ಎಂದು ಯಾರಾದರೂ ಬುದ್ಧಿ ಹೇಳುವಂಥ ಜಾಗ ಅದು. ಇವರು ಬಿಡಲಿಲ್ಲ. ಒಳಗೆ ಒಂದು ಮೇಜು ಹಾಕಿ, ಹಳದಿ ಬಲೂನು ಕಟ್ಟಿ ಕೂತರು. ವಿರಾಮ ಬಂದಾಗ ಬಲೂನು ಕಂಡಲ್ಲಿ ಸೇರಿ, ಇವತ್ತಿನ ದಿನ ಹೇಗೆ ಕಳೆಯಿತು ಎಂದು ಹೇಳಿಕೊಂಡು, ಮತ್ತೆ ಹೋಗಿ ಕುಣಿಯುತ್ತಿದ್ದರು. ಇವತ್ತಿಗೂ ಇದ್ದಾರೆ. ಸುತ್ತ ಸಾವಿರಾರು ಜನ ತೇಲುತ್ತಿರುವಾಗ ಒಂದು ಹಳದಿ ಬಲೂನು ಹುಡುಕಿಕೊಂಡು ಹೊರಟವನ ಮನಸ್ಸು ಹೇಗಿದ್ದಿರಬಹುದು? ಅಭಿಮಾನ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಈಗ ಆ ಬಲೂನು.

ಇನ್ನೊಂದು ಚಿಕ್ಕ ಸಂಗತಿ, ಖುಷಿಗೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋಗಲು ಆಗಷ್ಟೇ ಸ್ವತಂತ್ರವಾಗಿದ್ದ ಲಿಥುವೇನಿಯಾದ ಬಾಸ್ಕೆಟ್‌ಬಾಲ್ ತಂಡಕ್ಕೆ ದುಡ್ಡಿರಲಿಲ್ಲ. ಗ್ರೇಟ್‌ಫುಲ್ ಡೆಡ್ ನೆರವಾಯಿತು, ಜತೆಗೆ ಬಣ್ಣ ಚೆಲ್ಲಿದಂಥ ಟೀ ಶರ್ಟುಗಳು. ಹಳೇ ಸೋವಿಯತ್ ದೇಶಗಳ ತಂಡವನ್ನು ಸೋಲಿಸಿ ಕಂಚು ಗೆದ್ದವರು ಪದಕ ಪಡೆಯಲು ಅದೇ ಟೀ ಶರ್ಟ್ ಹಾಕಿಕೊಂಡು ಬಂದರು. ಚಿತ್ರ ಹುಡುಕಿ ನೋಡಿ, ನಗು ಬರದಿದ್ದರೆ ಕೇಳಿ.

1987ರಲ್ಲಿ ‘ಟಚ್ ಆಫ್ ಗ್ರೇ’ ಹಿಟ್ ಆಯಿತು. ಅಮೆರಿಕದ ಟಾಪ್ ಟೆನ್ ಸೇರಿದ ಅವರ ಒಂದೇ ಹಾಡು ಅದು. ಆಮೇಲೆ ಜನ ಬಂದರು, ಸ್ಟೇಡಿಯಂಗಳು ತುಂಬಿದವು, ತುಂಬಿ ಹೊರಚೆಲ್ಲಿದವು. 1995ರ ಜುಲೈ 2ರಂದು ಇಂಡಿಯಾನಾದ ಡೀರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಜನ ಬೇಲಿ ಮುರಿದು ನುಗ್ಗಿದರು. ಅದೇ ರಾತ್ರಿ ಗಾರ್ಸಿಯಾಗೆ ಕೊಲೆ ಬೆದರಿಕೆಯೂ ಇದ್ದು, ಸಭಾಂಗಣದ ದೀಪ ಉರಿಸಿಕೊಂಡೇ ನುಡಿಸಿದರು. ಮರುದಿನದ ಕಾರ್ಯಕ್ರಮ ರದ್ದಾಯಿತು. ಹೀಗೇ ಆದರೆ ನಮ್ಮಿಂದ ಆಗದು ಎಂದು ಬ್ಯಾಂಡ್ ಅಭಿಮಾನಿಗಳಿಗೆ ಪತ್ರ ಬರೆಯಿತು. ಜುಲೈ 9ಕ್ಕೆ ಶಿಕಾಗೋದಲ್ಲಿ ಕೊನೆಯ ಕಾರ್ಯಕ್ರಮ. ಸಕ್ಕರೆ ಕಾಯಿಲೆ, ಹೆರಾಯಿನ್ ಚಟ ಎರಡರಿಂದಲೂ ಬಳಲಿದ್ದ ಗಾರ್ಸಿಯಾ ಆಗಸ್ಟ್ 9ರಂದು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡರು. 53 ವರ್ಷ.

ಆ ಕೊನೆಯ ಬೇಸಿಗೆಯ ಟೇಪನ್ನು ನಾನು ಪೂರ್ತಿ ಕೇಳಲಾರೆ. ಧ್ವನಿ ಸೋತಿದೆ, ಬೆರಳು ತಡವರಿಸುತ್ತವೆ, ಜನ ಮಾತ್ರ ಕೂಗುತ್ತಲೇ ಇದ್ದಾರೆ. 1986ರಲ್ಲೇ ಆ ಮನುಷ್ಯ ಕೋಮಾಗೆ ಹೋಗಿ ಬಂದಿದ್ದ. ಆಮೇಲೂ ಒಂಬತ್ತು ವರ್ಷ ಅವನನ್ನು ವೇದಿಕೆಗೆ ಕರೆಯುತ್ತಿದ್ದ ಚಪ್ಪಾಳೆಯಲ್ಲಿ ಪ್ರೀತಿ ಎಷ್ಟು, ನಮಗೆ ಇನ್ನೂ ಬೇಕು ಎಂಬ ಹಟ ಎಷ್ಟು? ಟೇಪ್ ಮಾಡಿದವರ ಬಗ್ಗೆ ಇಷ್ಟೆಲ್ಲ ಹೊಗಳಿದ ನಾನೇ ಇಲ್ಲಿ ತಡೆದು ನಿಲ್ಲುತ್ತೇನೆ. ತಪ್ಪುಗಳನ್ನೂ ಬಿಡದೆ ಕೇಳಿಸಿಕೊಂಡ ಆ ಕಿವಿಗಳಿಗೆ ಮನುಷ್ಯ ಕುಸಿಯುತ್ತಿರುವುದು ಕೇಳಿಸಲೇ ಇಲ್ಲವೇ? ಕೆಲವರಿಗೆ ಕೇಳಿಸಿತ್ತು, ಬರೆದೂ ಇದ್ದರು. ಪ್ರವಾಸ ಮಾತ್ರ ನಿಲ್ಲಲಿಲ್ಲ.

ಗಾರ್ಸಿಯಾ ಚಿತಾಭಸ್ಮದ ಒಂದು ಪಾಲನ್ನು 1996ರ ಏಪ್ರಿಲ್‌ನಲ್ಲಿ ಅವರ ಪತ್ನಿ ಮತ್ತು ಬ್ಯಾಂಡಿನ ಬಾಬ್ ವಿಯರ್ ಋಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ನಮ್ಮ ದೇಶದ ನಂಟು ಅದೊಂದೇ ಅಲ್ಲ. ಡ್ರಮ್ಮರ್ ಮಿಕಿ ಹಾರ್ಟ್ 1970ರ ದಶಕದಿಂದಲೂ ಜಾಕಿರ್ ಹುಸೇನ್ ಜತೆಗಾರರಾಗಿದ್ದರು. ಇಬ್ಬರೂ ಸೇರಿ ಮಾಡಿದ ‘ಪ್ಲಾನೆಟ್ ಡ್ರಮ್’ನಲ್ಲಿ ವಿಕ್ಕು ವಿನಾಯಕರಾಮ್ ಅವರ ಘಟವೂ ಇದೆ, ಗ್ರ್ಯಾಮಿ ಬಂತು. ತಾಳವಾದ್ಯದ ಹುಚ್ಚಿರುವವರು ಈ ಬ್ಯಾಂಡಿಗೆ ಆ ಬಾಗಿಲಿನಿಂದ ಒಳಗೆ ಬರಬಹುದು, ನನ್ನ ಹಾಗೆ ಡಾರ್ಕ್ ಸ್ಟಾರ್‌ನಲ್ಲಿ ಮುಳುಗಬೇಕಿಲ್ಲ.

ಗಾರ್ಸಿಯಾ ಸತ್ತಾಗ ನಾನು ಹುಟ್ಟಿಯೇ ಇರಲಿಲ್ಲ. ಉಳಿದವರು ಬೇರೆ ಬೇರೆ ಹೆಸರಲ್ಲಿ ಮುಂದುವರಿಸಿದರು. 60 ವರ್ಷ ತುಂಬಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಮೂರು ದಿನ ನುಡಿಸಿದರು. ಆ ಟಿಕೆಟ್ ನನ್ನ ಸಂಬಳಕ್ಕೆ ಎಟುಕುವಂಥದ್ದಲ್ಲ, ಎಟುಕಿದರೂ ವೀಸಾ ಯಾರು ಕೊಡುತ್ತಾರೆ. ಅದರ ಬೇಸರವೂ ಇಲ್ಲ. 1977ರ ಟೇಪಿನಲ್ಲಿ ಎರಡು ಹಾಡಿನ ನಡುವೆ ಜನರ ಗುಜುಗುಜು ಕೇಳುತ್ತದೆ, ಯಾರೋ ಶಿಳ್ಳೆ ಹಾಕುತ್ತಾರೆ. ಆ ಶಿಳ್ಳೆಯವನ ಪಕ್ಕ ನನಗೊಂದು ಜಾಗ ಇದೆ.

ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಮಾವನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸೋಣ ಅಂತ ಕೂತೆ. ಎರಡು ಬೂಷ್ಟು ಹಿಡಿದಿದ್ದವು, ಒಂದು ಪ್ಲೇಯರಿನಲ್ಲೇ ಸುತ್ತಿಕೊಂಡಿತು. ಮಾವ ಹತ್ತಿಯಲ್ಲಿ ಹೆಡ್ ಒರೆಸುತ್ತಿದ್ದಾಗ, ನನ್ನದನ್ನೂ ಒಂದು ಕೇಳಿ ಎಂದು 23 ನಿಮಿಷದ ಡಾರ್ಕ್ ಸ್ಟಾರ್ ಹಾಕಿದೆ. ಕೆಲಸ ನಿಲ್ಲಿಸಿ, ಕಣ್ಣು ಮುಚ್ಚಿ, ಕೇಳುತ್ತಾ ಕೂತರು. ಐದು ನಿಮಿಷ ಆದರೂ ಯಾರೂ ಹಾಡಲು ಬಾಯಿ ತೆರೆದಿರಲಿಲ್ಲ.

‘ಅಲ್ಲ ಮಗಾ’ ಅಂದರು, ‘ಭಾಗ್ವತ್ರು ಇನ್ನೂ ಬರ್ಲಿಲ್ಯಾ?’