ಹಿಮ್ಮಡಿ ನೋವಿಗೆ ದುಡ್ಡು ಸುರಿಯುವ ಮುನ್ನ

ಜಂಗಮಕೋಟೆ ಹೋಬಳಿಯ ರೇಷ್ಮೆ ಬೆಳೆಗಾರರೇ, ರೀಲರ್‌ಗಳೇ, ಹುಳು ಮನೆಯಲ್ಲಿ ದುಡಿಯುವ ಅಕ್ಕಂದಿರೇ,

ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿತೆಂದರೆ ಮನೆಮಂದಿಗೆಲ್ಲ ಕೂರಲು ಬಿಡುವಿಲ್ಲ. ಒಂದು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಖರ್ಚಾಗುವುದು ಆ ಒಂದು ವಾರದಲ್ಲೇ. ರೋಗ ತಗಲದಿರಲೆಂದು ಚಪ್ಪಲಿ ಹೊಸಲಾಚೆ ಬಿಡುತ್ತೇವೆ. ಒಳಗೆ ಸಿಮೆಂಟ್ ನೆಲ, ಬರಿಗಾಲು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಒದ್ದೆ ನೆಲ ಬೇರೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಅವರಿಗೆ ಈಗ ಸಿಗುವ ಸಲಹೆ: ಪಾದದ ಅಚ್ಚು ತೆಗೆಸಿ, ಶೂ ಒಳಗಿಡುವ ಮೆತ್ತೆ ಮಾಡಿಸಿಕೊಳ್ಳಿ. ಸಾವಿರಗಟ್ಟಲೆ ಖರ್ಚು. ದಯವಿಟ್ಟು ಆತುರಪಡಬೇಡಿ.

ಮೆತ್ತೆ ಮೋಸದ್ದೇನಲ್ಲ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿ ಪಟ್ಟಿಯೊಂದಿದೆ. ಅದು ಮೂಳೆಗೆ ಅಂಟಿಕೊಂಡ ಜಾಗದಲ್ಲೇ ಸಾಮಾನ್ಯವಾಗಿ ಈ ನೋವು ಹುಟ್ಟುವುದು. (ಎಕ್ಸ್‌ರೇಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದದ್ದು ಕಂಡು ಹೆದರಬೇಡಿ, ನೋವೇ ಇಲ್ಲದವರಿಗೂ ಅದಿರುತ್ತದೆ.) ಅಂಗಾಲಿಗೆ ಆಸರೆ ಸಿಕ್ಕರೆ ಪಟ್ಟಿಯ ಎಳೆತ ತಗ್ಗುತ್ತದೆ, ನಿಜ. ಆದರೆ 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ವರ್ಷ ಕಳೆಯುವ ಹೊತ್ತಿಗೆ ಅಳತೆಗೆ ಮಾಡಿಸಿದ ಮೆತ್ತೆಗೂ ಅಂಗಡಿಯ ಸಿದ್ಧ ಮೆತ್ತೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೂ ಇರಲಿ, ಮೆತ್ತೆ ಇಡಲು ಶೂ ಬೇಕಲ್ಲ? ಹಿಪ್ಪುನೇರಳೆ ತೋಟಕ್ಕೆ, ಡೇರಿಗೆ ನಾವು ಶೂ ಹಾಕಿಕೊಂಡು ಹೋಗುತ್ತೇವೆಯೇ?

ಮೊದಲು ಸವೆದು ಚಪ್ಪಟೆಯಾದ ಹವಾಯಿ ಚಪ್ಪಲಿ ಬಿಸಾಡಿ, ಹಿಮ್ಮಡಿಯ ಕಡೆ ದಪ್ಪಗೆ, ಮೆದುವಾಗಿರುವುದನ್ನು ಕೊಳ್ಳಿ. ಬೆಳಗ್ಗೆ ಕಾಲು ಕೆಳಗಿಡುವ ಮುಂಚೆಯೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನತ್ತ ಎಳೆದು 10 ಎಣಿಸಿ ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಫಲ ಕಾಣಲು ತಿಂಗಳುಗಳೇ ಹಿಡಿಯಬಹುದು, ಬೇಸರಿಸಬೇಡಿ. ಆಮೇಲೂ ಬಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಊತ, ಜ್ವರ, ಜೋಮು ಅಥವಾ ರಾತ್ರಿ ಮಲಗಿದಾಗಲೂ ನೋವಿದ್ದರೆ ಕಾಯಲೇಬೇಡಿ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ನನ್ನ ಮಾತು ತಿರುವುಮುರುವು. ನೀವು ಖರ್ಚು ಮಾಡಿ. ಸ್ಪರ್ಶ ಕುಂದಿದ ಪಾದಕ್ಕೆ ಅಳತೆಯ ಪಾದರಕ್ಷೆ ಹುಣ್ಣಾಗದಂತೆ ಕಾಯುತ್ತದೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗಿಗಳಿಗಾಗಿ ಮೆದು ರಬ್ಬರಿನ ಪಾದರಕ್ಷೆ ಮಾಡಿಸಿದ್ದು ಇದೇ ಕಾರಣಕ್ಕೆ. ಇಂದು ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂಸಿಆರ್ ಚಪ್ಪಲಿ ಆ ರಬ್ಬರಿನದೇ. ಪಾದಕ್ಕೆಂದೇ ಪ್ರತ್ಯೇಕ ವಿಭಾಗ ಬೆಂಗಳೂರಿನ ಸರ್ಕಾರಿ ಕರ್ನಾಟಕ ಅಂತಃಸ್ರಾವ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದೆ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಕಿ ಹಿಮ್ಮಡಿ ಒತ್ತುವ ಮನೆಮದ್ದನ್ನಂತೂ ನೀವು ಮುಟ್ಟಬಾರದು. ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಘಟಕಗಳ ಮಾಲೀಕರೇ, ನಿಂತು ದುಡಿಯುವವರ ಕಾಲಡಿಗೊಂದು ರಬ್ಬರ್ ಮ್ಯಾಟ್, ಹತ್ತಿರದಲ್ಲೊಂದು ಸ್ಟೂಲ್ ಹಾಕಿಸಿ. ಹುಳು ಮನೆಯವರೇ, ಮುಂದಿನ ಬೆಳೆಗೆ ಸುಣ್ಣ, ಬ್ಲೀಚಿಂಗ್ ಪೌಡರ್ ತರುವಾಗ ಒಳಗೆ ಕೆಲಸ ಮಾಡುವ ಒಬ್ಬೊಬ್ಬರಿಗೂ ಒಂದು ಜೊತೆ ಮೆದು ಚಪ್ಪಲಿ ತನ್ನಿ. ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೊಳೆದು ಒಳಗೇ ಇಟ್ಟರಾಯಿತು, ಹೊಸಲು ದಾಟಿಸಬೇಡಿ.