ಒಂದು ಕಿಲೋ ತೂಕದ ಬುಗುರಿ

ಕಂಪ್ಯೂಟರಿನ ಪರದೆಯ ಮೇಲೆ ತಿರುಗುವ ಬುಗುರಿ ಬುಗುರಿಯಲ್ಲ. ಹೀಗೆಂದರೆ, "ಮೇಡಂ ಇನ್ನೂ ಹಳೇ ಕಾಲದಲ್ಲೇ ಇದ್ದಾರೆ" ಎಂದು ನಗುವವರಿದ್ದಾರೆ. ನಗಲಿ, ಆದರೆ ನನ್ನ ಮಾತು ಮುಗಿದ ಮೇಲೆ ನಗಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಆಟಿಕೆಗಳ ಮೂಲಕ ಪಾಠ ಕಲಿಸಿ ಎಂಬ ಮಾತು ಎಲ್ಲೆಲ್ಲೂ ಕೇಳುತ್ತಿದೆ. ಒಳ್ಳೆಯ ಮಾತೇ. ಆದರೆ ಕೆಲವು ಶಾಲೆಗಳು ಅದನ್ನು ನಡೆಸುವ ಚಂದ ನೋಡಿ: ಹುಡುಗನೊಬ್ಬ ಬುಗುರಿ ತಂದರೆ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮಧ್ಯಾಹ್ನ ಅದೇ ಹುಡುಗನಿಗೆ ಗೋಡೆಯ ಮೇಲೆ ಬುಗುರಿಯ ಚಿತ್ರ ತಿರುಗಿಸಿ ತೋರಿಸುತ್ತಾರೆ. ಇದಕ್ಕೆ ವಿಜ್ಞಾನದ ಪಾಠವೆಂದು ಹೆಸರು.

ಆ ಚಿತ್ರ ತಿರುಗುವುದು ಹೇಗೆ? ಮೊದಲ ಚೌಕಟ್ಟಿನಲ್ಲಿ ಇಷ್ಟು ಡಿಗ್ರಿ, ನೂರನೆಯದರಲ್ಲಿ ಇಷ್ಟು ಡಿಗ್ರಿ ಎಂದು ನಾವು ಹೇಳುತ್ತೇವೆ. ನಡುವಿನದನ್ನು ಯಂತ್ರ ತುಂಬಿಕೊಳ್ಳುತ್ತದೆ. ಅಲ್ಲಿ ನೆಲವಿಲ್ಲ, ಗಾಳಿಯಿಲ್ಲ, ಭೂಮಿಯ ಸೆಳೆತವಿಲ್ಲ. ಅದು ಗೊಂಬೆ ಕುಣಿಸುವ ಕೆಲಸವೇ ಹೊರತು ಬುಗುರಿಯ ಚಲನೆಯಲ್ಲ.

ಇದಕ್ಕಿಂತ ಮೇಲಾದ ದಾರಿಯೂ ಇದೆ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ತೂಕ, ಘರ್ಷಣೆ ಎಲ್ಲವನ್ನೂ ಕೊಟ್ಟು, ವಸ್ತು ಹೇಗೆ ಚಲಿಸುತ್ತದೆಂದು ಲೆಕ್ಕ ಹಾಕಿಸಬಹುದು. ಆದರೆ ನಾವೇನೂ ಹೇಳದಿದ್ದರೆ ಅದು ತೂಕವನ್ನು 1 ಕಿಲೋ ಎಂದೂ ಘರ್ಷಣೆಯನ್ನು 0.5 ಎಂದೂ ತಾನೇ ಹಿಡಿದುಕೊಳ್ಳುತ್ತದೆ. ಒಂದು ಕಿಲೋ ತೂಕದ ಬುಗುರಿಯನ್ನು ಯಾವ ಮಗು ಆಡಿಸೀತು? ಬುಗುರಿಯನ್ನು ಅಂಗೈ ಮೇಲೆ ಎತ್ತಿಕೊಂಡ ಮಗು ಆ ಅಂಕಿ ಕಂಡೊಡನೆ ನಗುತ್ತದೆ. ಎತ್ತಿಕೊಳ್ಳದ ಮಗು ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ನನ್ನ ಜಗಳವೆಲ್ಲ ಇಷ್ಟೇ.

ಅಣಬೆಯ ಆಕಾರದ ಒಂದು ಬುಗುರಿಯಿದೆ. ತೊಟ್ಟು ಹಿಡಿದು ತಿರುಗಿಸಿದರೆ ತಿರುಗುತ್ತಲೇ ತಲೆಕೆಳಗಾಗಿ ತೊಟ್ಟಿನ ಮೇಲೆ ನಿಲ್ಲುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ನೀಲ್ಸ್ ಬೋರ್ ಮತ್ತು ಪೌಲಿ, ಇಬ್ಬರು ನೊಬೆಲ್ ವಿಜ್ಞಾನಿಗಳು, ಬಗ್ಗಿ ನಿಂತು ಇದನ್ನು ನೋಡುತ್ತಿರುವ ಫೋಟೋ ಪ್ರಸಿದ್ಧ. ಅದನ್ನು ಮಗುಚುವುದು ನೆಲದ ಘರ್ಷಣೆ. ಲೆಕ್ಕದಲ್ಲಿ ಘರ್ಷಣೆಯನ್ನು ಸೊನ್ನೆ ಮಾಡಿ, ಬುಗುರಿ ಮಗುಚುವುದೇ ಇಲ್ಲ. ಯಂತ್ರ ಸುಳ್ಳು ಹೇಳಿತೆ? ಇಲ್ಲ, ಬಿತ್ತಿದ್ದನ್ನೇ ಬೆಳೆದು ಕೊಟ್ಟಿತು. ನಿಜವಾದ ಬುಗುರಿಯನ್ನು ಕಾಣದವರಿಗೆ ಬಿತ್ತಿದ್ದರಲ್ಲಿ ತಪ್ಪಿದೆಯೆಂದು ತಿಳಿಯುವುದು ಹೇಗೆ?

ಇನ್ನು ನಮ್ಮ ಹೆಣ್ಣುಮಕ್ಕಳ ಮಾತು. ಬುಗುರಿ, ಗೋಲಿ, ಚಿನ್ನಿದಾಂಡು ಗಂಡುಹುಡುಗರಿಗೆ. ಕುಂಟೆಬಿಲ್ಲೆ, ಅಳಗುಳಿಮಣೆ ನಮಗೆ ಎಂದು ಯಾರೋ ಹಂಚಿಬಿಟ್ಟಿದ್ದರು. ಚಾಟಿ ಸುತ್ತಿ ಬೀಸುವ ಹುಡುಗಿಯನ್ನು ಗಂಡುಬೀರಿ ಎಂದು ಕರೆದವರಲ್ಲಿ ಹೆಂಗಸರೇ ಹೆಚ್ಚು. ಈಗ, "ಪರದೆಯ ಮುಂದೆ ಹುಡುಗ ಹುಡುಗಿ ಎಂಬ ಭೇದವಿಲ್ಲ" ಎಂದು ಬೀಗುತ್ತಾರೆ. ಹುಡುಗರ ಕೈಯಿಂದಲೂ ಬುಗುರಿ ಕಿತ್ತುಕೊಂಡರೆ ಅದು ಸಮಾನತೆಯೇ? ತಲೆಕೆಳಗಾಗುವಂಥ ಬುಗುರಿಗೆ 1891ರಲ್ಲಿ ಪೇಟೆಂಟ್ ಪಡೆದವರು ಮ್ಯೂನಿಕ್‌ನ ಹೆಲೆನೆ ಸ್ಪೆರ್ಲ್ ಎಂಬ ಹೆಣ್ಣುಮಗಳು ಎಂಬುದನ್ನಾದರೂ ನಮ್ಮ ಹುಡುಗಿಯರಿಗೆ ಹೇಳಬೇಡವೇ?

ಕಂಪ್ಯೂಟರ್ ಬೇಡವೆಂದು ನಾನೆಲ್ಲಿ ಹೇಳಿದೆ? ಅದರಲ್ಲಿ ಕಾಲವನ್ನು ನಿಧಾನಿಸಬಹುದು, ತೂಕ ಬದಲಿಸಿ ನೋಡಬಹುದು, ಅಂಗಳದಲ್ಲಿ ಅದಾಗದು. ಆದರೆ ಸರದಿ ತಪ್ಪಬಾರದು. ಮೊದಲು ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯೊಂದು ಮಗಳ ಕೈಗೆ ಬರಲಿ. ಸುತ್ತು ನಿಧಾನವಾದಷ್ಟೂ ಅದರ ತಲೆದೂಗು ಜೋರಾಗುವುದನ್ನು ಅವಳೇ ಕಾಣಲಿ. ನಮ್ಮ ಭೂಮಿಯೂ ಹಾಗೆಯೇ ಸುಮಾರು 26,000 ವರ್ಷಕ್ಕೊಮ್ಮೆ ತಲೆದೂಗುತ್ತದೆಂದು ಆಮೇಲೆ ಹೇಳಿ. ಪರದೆಯ ಸರದಿ ಅದರ ನಂತರ. ಆಗ ಅವಳು ಪರದೆ ತೋರಿಸಿದ್ದನ್ನೆಲ್ಲ ನಂಬುವುದಿಲ್ಲ, "ಇದು ಸರಿಯಿಲ್ಲ ಮಿಸ್" ಎನ್ನುತ್ತಾಳೆ.

ಆ ಒಂದು ಮಾತು ಹೇಳಬಲ್ಲ ಹುಡುಗಿ ಬೇಕಿದ್ದರೆ, ತಾಯಂದಿರೇ, ಬೀರುವಿನ ಬೀಗ ತೆಗೆಸಿ.